ನೆರಳು ಮೊದಲು, ಬೆಂಕಿ ಕೊನೆಗೆ: ಹದಿಹರೆಯದವರಿಗೆ ಕಾಡಿನ ಪಾಠ ಕಲಿಸುವ ಸಮಗ್ರ ಮಾರ್ಗದರ್ಶಿ

ಚಳಿಗಾಲ ಬಂತೆಂದರೆ ನಮ್ಮ ಭಾಗದ ಶಾಲೆಯವರು, ಯುವಕ ಸಂಘದವರು, ಉತ್ಸಾಹಿ ಸೋದರಮಾವಂದಿರು ಮಕ್ಕಳನ್ನು ಚಿಂಚೋಳಿ ಕಾಡಿಗೋ ಶಹಾಪುರದ ಗುಡ್ಡಕ್ಕೋ ಕರೆದುಕೊಂಡು ಹೋಗುತ್ತಾರೆ. ಹೋಗಿ ಬಂದವರನ್ನು ಕೇಳಿದರೆ ಕಥೆ ಹೆಚ್ಚುಕಡಿಮೆ ಒಂದೇ. ನೀರು ಮಧ್ಯಾಹ್ನಕ್ಕೇ ಖಾಲಿ, ಒಬ್ಬರಿಗೆ ತಲೆಸುತ್ತು, ಬೆಂಕಿ ಹಚ್ಚಲು ಹೋಗಿ ಫಾರೆಸ್ಟ್ ಗಾರ್ಡ್ ಹತ್ತಿರ ಬೈಗುಳ, ಉಳಿದ ಹೊತ್ತೆಲ್ಲ ರೀಲ್ಸ್.

ಎಡವುವುದು ಎರಡು ಕಡೆ. ಮೊದಲನೆಯದು ಪಾಠದ ಕ್ರಮ. ಮೊಬೈಲಿನಲ್ಲಿ ನೋಡುವ ವಿಡಿಯೊಗಳು ಹಿಮ ಬೀಳುವ ನಾಡಿನವು. ಅಲ್ಲಿ ಬೆಂಕಿಯೇ ಜೀವ, ಹಾಗಾಗಿ ಪಾಠವೂ ಚಾಕು, ಬೆಂಕಿಯಿಂದ ಶುರುವಾಗುತ್ತದೆ. ಕಲಬುರಗಿ, ಯಾದಗಿರಿ, ಬೀದರಿನಲ್ಲಿ ಮನುಷ್ಯನನ್ನು ಮೊದಲು ಕೆಡಹುವುದು ಬಿಸಿಲು. ಎರಡನೆಯದು, ಗುಡಾರ ಹೊಡೆಯುವುದರಿಂದ ಹಿಡಿದು ದಾರಿ ತೋರಿಸುವವರೆಗೆ ಎಲ್ಲವನ್ನೂ ದೊಡ್ಡವರೇ ಮಾಡುವುದು. ಹುಡುಗ ಹುಡುಗಿಯರು ದೊಡ್ಡವರಾಗುವುದು ತಾವು ಮಾಡಿದ ನಿರ್ಧಾರದ ಫಲವನ್ನು ತಾವೇ ಉಂಡಾಗ. ಕೆಳಗಿನ ಹಂತಗಳು 13ರಿಂದ 17ರ ವಯಸ್ಸಿನವರಿಗೆ. ಒಂದು ಹಂತ ಪಕ್ಕಾ ಆಗದೆ ಮುಂದಿನದಕ್ಕೆ ಹೋಗಬೇಡಿ.

ಹೊರಡುವ ಮುನ್ನ: ಕಾಲ, ಜಾಗ, ಅನುಮತಿ

ನವೆಂಬರ್‌ನಿಂದ ಫೆಬ್ರವರಿ ಮಧ್ಯದವರೆಗೆ ಮಾತ್ರ. ಮಾರ್ಚ್ ಹಿಡಿದರೆ ಬಿಸಿಲು ಬಿಡುವುದಿಲ್ಲ. ಮಳೆಗಾಲದಲ್ಲಿ ಎರೆ ಮಣ್ಣು ಬೂಟಿನ ಕೆಳಗೆ ಒಂದೊಂದು ಸೇರು ಅಂಟಿಕೊಂಡು ಕಾಲೆತ್ತಲು ಬಿಡುವುದಿಲ್ಲ, ಹಳ್ಳಗಳು ಎಲ್ಲೋ ಮೇಲೆ ಬಿದ್ದ ಮಳೆಗೆ ಇಲ್ಲಿ ಏಕಾಏಕಿ ಏರುತ್ತವೆ.

ಮೊದಲ ಮೂರು ಹಂತಗಳಿಗೆ ಕಾಡೇ ಬೇಡ. ಊರ ಹೊರಗಿನ ಪರಿಚಯದವರ ಪಡ ಬಿದ್ದ ಹೊಲ, ಒಂದೆರಡು ಬೇವಿನ ಮರ, ಅರ್ಧ ಕಿಲೋಮೀಟರಿನೊಳಗೆ ವಾಹನ ಬರುವ ರಸ್ತೆ ಇದ್ದರೆ ಸಾಕು. ಚಿಂಚೋಳಿ 2011ರಲ್ಲಿ ವನ್ಯಜೀವಿ ಧಾಮವೆಂದು ಘೋಷಣೆಯಾದ ಕಾಡು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿ ಇಲ್ಲದೆ ಒಳಗೆ ಹೋಗುವುದೂ ಅಪರಾಧ, ಬೆಂಕಿ ಹಚ್ಚುವುದೂ ಅಪರಾಧ. ಚಂದ್ರಂಪಳ್ಳಿ ಜಲಾಶಯ, ಗೊಟ್ಟಮಗೊಟ್ಟ, ಎತ್ತಿಪೋತ ಕಡೆ ಹೋಗುವುದಿದ್ದರೆ ಮೊದಲೇ ಅರಣ್ಯ ಇಲಾಖೆಗೆ ಬರೆದು ಕೇಳಿ. ಎಷ್ಟು ಜನ, ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸು ಎಂಬುದೆಲ್ಲ ಪತ್ರದಲ್ಲಿರಲಿ. ಆ ಪತ್ರವನ್ನು ಮಕ್ಕಳ ಕೈಯಿಂದಲೇ ಬರೆಸಿ. ಕಚೇರಿಗೆ ಹೋಗಿ ಅಧಿಕಾರಿಯ ಮುಂದೆ ನಿಂತು ಮಾತಾಡುವುದು ಕೆಲವರಿಗೆ ಕಾಡಿಗಿಂತ ದೊಡ್ಡ ಪರೀಕ್ಷೆ.

ತಂಡ ಹತ್ತು ಮಕ್ಕಳಿಗಿಂತ ದೊಡ್ಡದಾಗಬಾರದು. ಮೂವರು ದೊಡ್ಡವರಿರಲಿ, ಹುಡುಗಿಯರಿದ್ದರೆ ಅವರಲ್ಲಿ ಒಬ್ಬರು ಹೆಂಗಸು. ಹುಡುಗಿಯರನ್ನು ಬಿಟ್ಟು ಹೋಗುವುದು ಸುಲಭ, ಸರಿಯಲ್ಲ. "ನಮ್ಮ ಹುಡುಗಿಗಿ ಏನರ ಆದ್ರ ಜವಾಬ್ದಾರಿ ಯಾರದ್ರಿ?" ಎಂದು ತಾಯಿ ಕೇಳುವುದು ನ್ಯಾಯವಾದ ಪ್ರಶ್ನೆ, ಉತ್ತರ ಬಾಯಿಮಾತಿನಲ್ಲಿ ಬೇಡ. ಯಾರ ಫೋನು, ಯಾವ ಆಸ್ಪತ್ರೆ, ಯಾವ ಗಾಡಿ ಎಂದು ಕಾಗದದ ಮೇಲೆ ಬರೆದು ಕೊಡಿ. ಬೇಕಿದ್ದರೆ ಆ ತಾಯಿಯನ್ನೇ ಮೊದಲ ದಿನಕ್ಕೆ ಕರೆಯಿರಿ. ಉಬ್ಬಸ, ಮೂರ್ಛೆ ರೋಗ, ಅಲರ್ಜಿ ಇದ್ದರೆ ಮೊದಲೇ ತಿಳಿದಿರಬೇಕು, ಅವರ ಔಷಧಿ ಅವರ ಬ್ಯಾಗಿನಲ್ಲೇ ಇರಬೇಕು.

ಸಾಮಾನು

ಪ್ರತಿ ಮಗುವಿಗೂ: ಬಾಟಲಿಗಳಲ್ಲಿ ಒಟ್ಟು ನಾಲ್ಕು ಲೀಟರ್ ನೀರು, ಕುತ್ತಿಗೆಗೆ ಕಟ್ಟಿದ ಸೀಟಿ, ಟೋಪಿ ಅಥವಾ ಟವೆಲು, ಪಾದ ಮುಚ್ಚುವ ಬೂಟು, ಉದ್ದ ತೋಳಿನ ಹತ್ತಿ ಅಂಗಿ, ಟಾರ್ಚು, ಎರಡು ಓಆರ್‌ಎಸ್ ಪಾಕೀಟು. ಚಪ್ಪಲಿಯಲ್ಲಿ ಬಂದವರನ್ನು ಹಿಂದಕ್ಕೆ ಕಳಿಸಿ. ಬಳ್ಳಾರಿ ಜಾಲಿಯ ಮುಳ್ಳು ರಬ್ಬರನ್ನು ತೂರಿಕೊಂಡು ಪಾದಕ್ಕೇ ಇಳಿಯುತ್ತದೆ. ಸೀಟಿ ಬ್ಯಾಗಿನ ತಳದಲ್ಲಿದ್ದರೆ ಇಲ್ಲದ ಹಾಗೆಯೇ.

ತಂಡಕ್ಕೆ: ಎರಡು ತಾಡಪತ್ರಿ, ಹತ್ತಿ ಚಾದರಗಳು, ಇಪ್ಪತ್ತು ಮೀಟರ್ ಹಗ್ಗ, ಕ್ರೇಪ್ ಬ್ಯಾಂಡೇಜು, ನೇರ ಕಟ್ಟಿಗೆ ಪಟ್ಟಿಗಳು, ಕ್ಲೋರಿನ್ ಮಾತ್ರೆ, ಪಾತ್ರೆ, ಮುಚ್ಚಳವಿರುವ ಖಾಲಿ ಐದು ಲೀಟರ್ ಕ್ಯಾನು, ಸೊಳ್ಳೆಪರದೆ, ಸ್ಯಾನಿಟರಿ ಪ್ಯಾಡು. ಚಾಕು ಒಂದೇ ಸಾಕು, ಅದು ದೊಡ್ಡವರ ಹತ್ತಿರ.

ಹಂತ 1: ಬಿಸಿಲು, ನೆರಳು, ನೀರು

ಇದಕ್ಕೆ ಒಂದು ಇಡೀ ದಿನ ಕೊಡಿ. ಬೆಳಿಗ್ಗೆ ಏಳಕ್ಕೆ ಶುರು, ಹನ್ನೊಂದೂವರೆಗೆ ನಡಿಗೆ ಬಂದ್, ಮೂರೂವರೆಯವರೆಗೆ ನೆರಳು. ಈ ವೇಳಾಪಟ್ಟಿಯೇ ಮೊದಲ ಪಾಠ. ಹೊಲದಲ್ಲಿ ದುಡಿಯುವವರು ಹೊತ್ತು ನೋಡಿ ಕೆಲಸ ಮಾಡುತ್ತಾರೆ. ಪೇಟೆಯ ಮಕ್ಕಳಿಗೆ ಬಿಸಿಲಿಗೂ ಗಡಿಯಾರಕ್ಕೂ ಸಂಬಂಧವಿದೆ ಎಂಬುದೇ ಹೊಸದು.

ನೆರಳು ಕಟ್ಟುವಾಗ ಎಲ್ಲರೂ ನೀಲಿ ತಾಡಪತ್ರಿಯನ್ನು ಬಿಗಿದು ಅದರಡಿ ಕೂರುತ್ತಾರೆ. ಅರ್ಧ ಗಂಟೆಯಲ್ಲಿ ಅದು ಕಾದು ಕೆಳಗಿನವರ ಮೇಲೆ ಶಾಖ ಸುರಿಯುತ್ತದೆ. ತಾಡಪತ್ರಿಯ ಮೇಲೆ ಒಂದು ಗೇಣು ಅಂತರ ಬಿಟ್ಟು ಬಿಳಿ ಚಾದರ ಕಟ್ಟಿಸಿ, ಗಾಳಿ ಆಡಲು ಎರಡು ಬದಿ ತೆರೆದಿರಲಿ. ಮೊದಲು ಒಂದೇ ಪದರದಡಿ, ಆಮೇಲೆ ಎರಡು ಪದರದಡಿ ಕೂರಿಸಿ. ವ್ಯತ್ಯಾಸ ಬೆನ್ನಿಗೇ ಗೊತ್ತಾಗುತ್ತದೆ.

ನೀರಿನ ವಿಷಯದಲ್ಲಿ ಮಕ್ಕಳ ತಪ್ಪು ನಾವು ಅಂದುಕೊಂಡದ್ದಕ್ಕೆ ಉಲ್ಟಾ. ಬೇಗ ಕುಡಿದು ಮುಗಿಸುವವರಿಗಿಂತ ಉಳಿಸುವವರೇ ಅಪಾಯದಲ್ಲಿರುತ್ತಾರೆ. ಮುಖ ಕೆಂಪಾಗಿ, ತುಟಿ ಒಣಗಿ ಕೂತ ಹುಡುಗನ ಬಾಟಲಿ ಎತ್ತಿ ನೋಡಿದರೆ ಕತ್ತಿನವರೆಗೂ ತುಂಬಿರುತ್ತದೆ. "ಮುಂದ ಬೇಕಾಗತದ ಅಂತ ಇಟ್ಟೀನ್ರಿ" ಅನ್ನುತ್ತಾನೆ. ನೀರು ಇರಬೇಕಾದದ್ದು ಹೊಟ್ಟೆಯಲ್ಲಿ. ನಡೆಯುವಾಗ ಗಂಟೆಗೆ ಅರ್ಧ ಲೀಟರ್, ಗುಟುಕು ಗುಟುಕಾಗಿ. ಮೂತ್ರ ಕಡು ಹಳದಿಯಾದರೆ ಕಡಿಮೆ ಕುಡಿದಿದ್ದೀರಿ ಎಂದರ್ಥ. ಇದನ್ನು ನಾಚಿಕೆ ಇಲ್ಲದೆ ಹೇಳಿ, ಅವರೂ ನಾಚದೆ ಹೇಳುವಂತೆ ಮಾಡಿ.

ಓಆರ್‌ಎಸ್ ಪಾಕೀಟನ್ನು ಅದರ ಮೇಲೆ ಬರೆದಷ್ಟೇ ನೀರಿಗೆ, ಪೂರ್ತಿಯಾಗಿ ಹಾಕಬೇಕು. ರುಚಿಗೆಂದು ಗಟ್ಟಿಯಾಗಿ ಕಲಸಿದರೆ ಒಳ್ಳೆಯದಾಗುವ ಬದಲು ಕೆಡುತ್ತದೆ. ಪಾಕೀಟು ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು.

ಹೊರಗಿನ ನೀರು ಕುಡಿಯಲೇಬೇಕಾದರೆ: ತಿಳಿಯಾಗಲು ಬಿಡಿ, ನಾಲ್ಕು ಮಡಿಕೆ ಬಟ್ಟೆಯಲ್ಲಿ ಸೋಸಿ, ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಕುದಿಸಿ. ಕ್ಲೋರಿನ್ ಮಾತ್ರೆಯಾದರೆ ಅರ್ಧ ಗಂಟೆ ಕಾಯಿರಿ. ಆದರೆ ತೊಗರಿ, ಹತ್ತಿ ಹೊಲದ ಪಕ್ಕದ ನೀರಿಗೆ ಇದು ನಡೆಯುವುದಿಲ್ಲ. ಹೊಡೆದ ಕ್ರಿಮಿನಾಶಕ ಕುದಿಸಿದರೂ ಹೋಗದು. ಕೊಳವೆಬಾವಿ ನೀರಿನ ಫ್ಲೋರೈಡ್ ಕೂಡ ಕುದಿಸಿದರೆ ಹೋಗುವುದಿಲ್ಲ. ಅದರ ಕೆಡುಕು ವರ್ಷಗಟ್ಟಲೆ ಕುಡಿದವರಿಗೆ, ಒಂದು ದಿನದ ಬಾಯಾರಿಕೆಗೆ ಹೆದರಿ ಬಿಡಬೇಕಿಲ್ಲ.

ನೀರಿಗೆ ಇಳಿಯುವುದು ಈ ಪಾಠದಲ್ಲಿ ಇಲ್ಲವೇ ಇಲ್ಲ. ಶಹಾಬಾದ್, ಚಿತ್ತಾಪುರ, ಸೇಡಂ ಸೀಮೆಯ ಹಳೆಯ ಪರಸಿ ಕಲ್ಲಿನ ಗಣಿಗಳಲ್ಲಿ ನಿಂತ ನೀರು ತಿಳಿಯಾಗಿ ಕಾಣುತ್ತದೆ, ಗೋಡೆ ಮಾತ್ರ ನೇರ, ಹತ್ತಿ ಬರಲು ಮೆಟ್ಟಿಲಿಲ್ಲ. ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡ ಅದಕ್ಕಿಂತ ಮೋಸದ್ದು. ಅಂಚು ಜಾರುತ್ತದೆ, ಈಜು ಬಲ್ಲವನಿಗೂ ಹಿಡಿತ ಸಿಗುವುದಿಲ್ಲ. ಯಾರಾದರೂ ಬಿದ್ದರೆ ಹಿಂದೆ ಹಾರಬಾರದು. ಮುಚ್ಚಿದ ಖಾಲಿ ಕ್ಯಾನನ್ನು ಹಗ್ಗಕ್ಕೆ ಕಟ್ಟಿ ಎಸೆಯಬೇಕು. ಇದನ್ನು ಒಣ ನೆಲದ ಮೇಲೆ, ಹತ್ತು ಮೀಟರ್ ದೂರದಲ್ಲಿ ಕೂತ ಗೆಳೆಯನ ಕೈಗೆ ಬೀಳುವ ತನಕ ಅಭ್ಯಾಸ ಮಾಡಿಸಿ. ಮೊದಲ ಎಸೆತ ಯಾರದ್ದೂ ಮುಟ್ಟುವುದಿಲ್ಲ.

ನಿಲ್ಲಿಸಬೇಕಾದ ಗುರುತು: ತಲೆನೋವು, ಮೀನಖಂಡದ ಸೆಳೆತ, ವಾಕರಿಕೆ ಬಂದರೆ ನೆರಳು, ಓಆರ್‌ಎಸ್, ವಿಶ್ರಾಂತಿ. ಮಾತು ತೊದಲಿದರೆ, ಸಂಬಂಧವಿಲ್ಲದ ಉತ್ತರ ಕೊಟ್ಟರೆ, ತೂರಾಡಿದರೆ ಅದು ಬಿಸಿಲಾಘಾತ. ಬೆವರು ಇದ್ದರೂ ಆಗಬಹುದು. ಮೈಮೇಲೆ ನೀರು ಸುರಿದು ಗಾಳಿ ಬೀಸುತ್ತಲೇ 108ಕ್ಕೆ ಕರೆ ಮಾಡಿ. ಪ್ರಜ್ಞೆ ಮಂಕಾದವರ ಬಾಯಿಗೆ ನೀರು ಹಾಕಬೇಡಿ.

ಹಂತ 2: ದಿಕ್ಕು ಮತ್ತು ದಾರಿ

ಮೊದಲು ಕಲಿಸಬೇಕಾದದ್ದು ದಾರಿ ತಪ್ಪಿದೆ ಎಂದು ಒಪ್ಪಿಕೊಳ್ಳುವುದು. ಹದಿನೈದರ ಹುಡುಗನಿಗೆ ಗೆಳೆಯರ ಮುಂದೆ ಅದೇ ಕಷ್ಟ. ಒಪ್ಪಿಕೊಂಡ ಕೂಡಲೇ ನಿಲ್ಲು, ಕೂರು, ನೀರು ಕುಡಿ, ಮೂರು ಸಲ ಸೀಟಿ ಊದು, ಒಂದು ನಿಮಿಷ ಬಿಟ್ಟು ಮತ್ತೆ ಮೂರು ಸಲ. ಹುಡುಕುವವರಿಗೆ ಒಂದೇ ಕಡೆ ಕೂತವನು ಬೇಗ ಸಿಗುತ್ತಾನೆ.

ಕೋಲಿನ ನೆರಳಿನಿಂದ ದಿಕ್ಕು ಹಿಡಿಸಿ. ನೇರವಾಗಿ ಕೋಲು ನೆಟ್ಟು ನೆರಳಿನ ತುದಿಗೆ ಕಲ್ಲು ಇಡಿ, ಇಪ್ಪತ್ತು ನಿಮಿಷ ಬಿಟ್ಟು ಹೊಸ ತುದಿಗೆ ಇನ್ನೊಂದು ಕಲ್ಲು. ಮೊದಲ ಕಲ್ಲು ಪಶ್ಚಿಮ, ಎರಡನೆಯದು ಪೂರ್ವ. ಮಧ್ಯಾಹ್ನಕ್ಕೆ ಹತ್ತಿರವಾದಷ್ಟೂ ಇದು ಕರಾರುವಾಕ್ಕು.

"ಮಧ್ಯಾಹ್ನದ ಸೂರ್ಯ ದಕ್ಷಿಣಕ್ಕಿರುತ್ತಾನೆ" ಎಂಬ ಸೂತ್ರವನ್ನು ಇಲ್ಲಿ ಕಣ್ಣುಮುಚ್ಚಿ ನಂಬಬೇಡಿ. ಕಲಬುರಗಿ ಸುಮಾರು 17.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮೇ ಎರಡನೇ ವಾರದಿಂದ ಆಗಸ್ಟ್ ಮೊದಲ ದಿನಗಳವರೆಗೆ ನಡು ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ತುಸು ಉತ್ತರಕ್ಕೇ ಇರುತ್ತಾನೆ. ಚಳಿಗಾಲದ ಶಿಬಿರದಲ್ಲಿ ದಕ್ಷಿಣ ಸರಿ. ನಡು ಮಧ್ಯಾಹ್ನ ಎಂದರೂ ಗಡಿಯಾರದ ಹನ್ನೆರಡಲ್ಲ, ಇಲ್ಲಿ ಸರಾಸರಿ 12.20ರ ಆಸುಪಾಸು. ರಾತ್ರಿ ಧ್ರುವ ನಕ್ಷತ್ರ ಹುಡುಕುವಾಗ ಮಕ್ಕಳು ಆಕಾಶದ ನಡುವೆ ನೋಡುತ್ತಾರೆ. ನಮ್ಮಲ್ಲಿ ಅದು ಕ್ಷಿತಿಜದಿಂದ 17 ಡಿಗ್ರಿ ಮಾತ್ರ ಮೇಲೆ. ಕೈ ಉದ್ದಕ್ಕೆ ಚಾಚಿ ಮುಷ್ಟಿಯ ಮೇಲೆ ಮುಷ್ಟಿ ಇಟ್ಟರೆ, ಎರಡನೇ ಮುಷ್ಟಿ ಮುಗಿಯುವುದರೊಳಗೆ.

ಫೋನು: ಏರೋಪ್ಲೇನ್ ಮೋಡಿನಲ್ಲಿಟ್ಟು ಚಾರ್ಜ್ ಉಳಿಸಿ. ತುರ್ತು ಸಂಖ್ಯೆ 112ಕ್ಕೆ ಯಾವ ಕಂಪನಿಯ ಸಿಗ್ನಲ್ ಸಿಕ್ಕರೂ ಕರೆ ಹೋಗುತ್ತದೆ. ಕೊಂಚಾವರಂ ಕಡೆ ತೆಲಂಗಾಣದ ಟವರಿಗೆ ಫೋನು ಸಿಕ್ಕಿಕೊಳ್ಳಬಹುದು, ಆದ್ದರಿಂದ ಕರೆ ಎತ್ತಿದ ಕೂಡಲೇ ರಾಜ್ಯ, ಜಿಲ್ಲೆ, ತಾಲ್ಲೂಕು, ಹತ್ತಿರದ ತಾಂಡಾದ ಹೆಸರು ಈ ಕ್ರಮದಲ್ಲಿ ಹೇಳಲು ಪ್ರತಿಯೊಬ್ಬರಿಗೂ ಬಾಯಿಪಾಠ ಮಾಡಿಸಿ.

ಹಂತ 3: ಹಾವು, ಜೇನು, ಸಿಡಿಲು

ಹಾವು ಗುರುತಿಸುವ ಪಾಠಕ್ಕಿಂತ ಕಚ್ಚಿಸಿಕೊಳ್ಳದ ಅಭ್ಯಾಸ ಮುಖ್ಯ. ಕಲ್ಲು ಎತ್ತುವ ಮುನ್ನ ಕೋಲಿನಿಂದ ನಿಮ್ಮ ಕಡೆಯ ಅಂಚನ್ನು ಬಿಟ್ಟು ಆಚೆ ಅಂಚು ಎಬ್ಬಿಸಿ ನೋಡುವುದು, ಕಟ್ಟಿಗೆ ರಾಶಿಗೆ ಕೈ ಹಾಕದಿರುವುದು, ಕತ್ತಲಾದ ಮೇಲೆ ಟಾರ್ಚಿಲ್ಲದೆ ಕಾಲಿಡದಿರುವುದು, ಬೂಟು ಹಾಕುವ ಮುಂಚೆ ಕೊಡವುವುದು. ನಾಗರಹಾವು, ಕಟ್ಟು ಹಾವು, ಕೊಳಕು ಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಆಸ್ಪತ್ರೆಯಲ್ಲಿ ಕೊಡುವ ಪ್ರತಿವಿಷ ಒಂದೇ. ಹಾಗಾಗಿ ಕಚ್ಚಿದ ಹಾವನ್ನು ಅಟ್ಟಿಸಿಕೊಂಡು ಹೋಗುವುದು, ಕೊಂದು ತರುವುದು ವ್ಯರ್ಥ.

ಕಚ್ಚಿದರೆ ಮಾಡಬೇಕಾದ ಕ್ರಮವನ್ನು ನಾಟಕದಂತೆ ಆಡಿಸಿ. ಒಬ್ಬಳು ಕಚ್ಚಿಸಿಕೊಂಡವಳು, ಉಳಿದವರು ತಂಡ, ದೊಡ್ಡವರು ಮಾತಾಡುವಂತಿಲ್ಲ. ಹೊತ್ತು ಗುರುತು ಮಾಡಿಕೊಳ್ಳಿ. ಬಳೆ, ಉಂಗುರ, ಕಾಲ್ಗೆಜ್ಜೆ, ಕಾಲಿಗೆ ಕಟ್ಟಿದ ಕರಿದಾರ ಎಲ್ಲ ತೆಗೆಯಿರಿ. ಬಾವು ಏರಿದರೆ ಅವೇ ರಕ್ತ ತಡೆಯುತ್ತವೆ. ಕಟ್ಟಿಗೆ ಪಟ್ಟಿ ಇಟ್ಟು ಕಾಲನ್ನು ಅಲುಗಾಡದಂತೆ ಕಟ್ಟಿ. ನಡೆಸಬೇಡಿ, ಹೊತ್ತು ಸಾಗಿಸಿ. ಗಾಡಿ ಸಿಗದಿದ್ದರೆ ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿ. ಕೊಯ್ಯುವುದು, ಚೀಪುವುದು, ಹಗ್ಗದಿಂದ ಬಿಗಿಯುವುದು, ಮಂತ್ರ ಹಾಕಿಸಲು ಹೋಗುವುದು ಇವೆಲ್ಲ ಕೈಗೆ ಸಿಗಬೇಕಾದ ಹೊತ್ತನ್ನು ತಿನ್ನುತ್ತವೆ. ಕಣ್ಣುರೆಪ್ಪೆ ಜೋತು ಬೀಳುವುದು, ವಸಡಿನಲ್ಲಿ ರಕ್ತ ಕಂಡರೆ ವಿಷ ಏರಿದೆ. ಏನೂ ಕಾಣದಿದ್ದರೂ ಆಸ್ಪತ್ರೆಯೇ ಗತಿ, ಕಟ್ಟು ಹಾವಿನ ಕಡಿತ ನೋಯುವುದೂ ಕಡಿಮೆ, ಗುರುತೂ ಕಾಣದಿರಬಹುದು. ಶಿಬಿರದ ಹಿಂದಿನ ದಿನ ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಫೋನು ಮಾಡಿ ಪ್ರತಿವಿಷ ಇದೆಯೇ ಎಂದು ಕೇಳಿಡಿ.

ಚೇಳು ಕುಟುಕಿದವರು ವಿಪರೀತ ಬೆವತು, ವಾಂತಿ ಮಾಡಿ, ಕೈಕಾಲು ತಣ್ಣಗಾದರೆ ಅದೂ ತುರ್ತು.

ಯಾದಗಿರಿ, ಶಹಾಪುರದ ಬಂಡೆಗುಡ್ಡಗಳಲ್ಲಿ ಹತ್ತುವ ಮುನ್ನ ತಲೆ ಎತ್ತಿ ಹೆಜ್ಜೇನು ಹುಟ್ಟು ಇದೆಯೇ ನೋಡಿ. ಹೊಗೆ, ಸೆಂಟು, ಕಲ್ಲೆಸೆತ ಮೂರೂ ಬೇಡ. ಎದ್ದರೆ ಮುಖ ಮುಚ್ಚಿ ದೂರಕ್ಕೆ ಓಡುವುದೊಂದೇ ದಾರಿ.

ಸಿಡಿಲಿಗೆ: ಮಿಂಚು ಕಂಡು ಮೂವತ್ತು ಎಣಿಸುವುದರೊಳಗೆ ಗುಡುಗಿದರೆ ಪಕ್ಕಾ ಕಟ್ಟಡ ಅಥವಾ ಮುಚ್ಚಿದ ಗಾಡಿಯೊಳಗೆ ಸೇರಿ, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಹೊರಬರಬೇಡಿ. ಹೊಲದ ನಡುವಿನ ಒಂಟಿ ಬೇವಿನ ಮರದಡಿ ನಿಲ್ಲುವುದು ನಮ್ಮವರ ಹಳೆಯ ಚಾಳಿ. ಬಿಡಿಸಬೇಕು. ಸಿಡಿಲಿನ ಮುನ್ನೆಚ್ಚರಿಕೆ ಕೊಡುವ 'ದಾಮಿನಿ' ಆ್ಯಪ್ ಫೋನಿನಲ್ಲಿರಲಿ.

ಹಂತ 4: ಬೆಂಕಿ ಮತ್ತು ಬುತ್ತಿ

ಇಷ್ಟು ಹೊತ್ತು ಮಕ್ಕಳು ಕೇಳುತ್ತಲೇ ಇರುತ್ತಾರೆ, ಬೆಂಕಿ ಯಾವಾಗ ಎಂದು. ಕೇಳಲಿ. ಕಾಡಿನಲ್ಲಂತೂ ಇಲ್ಲ. ಹೊಲದಲ್ಲಿ, ಸುತ್ತ ಎರಡು ಮೀಟರ್ ಕೂಳೆ, ಕಸ ಕೆರೆದು ತೆಗೆದು, ಪಕ್ಕದಲ್ಲಿ ಎರಡು ಕೊಡ ನೀರಿಟ್ಟು. ಪಕ್ಕದ ಹೊಲದಲ್ಲಿ ಕೊಯ್ದ ತೊಗರಿ ಬಣಿವೆ ಇದ್ದರೆ ಆ ಜಾಗವೇ ಬೇಡ.

ಜೋಡಿಗೆ ಮೂರೇ ಕಡ್ಡಿ. ತೊಗರಿ ಕಟ್ಟಿಗೆ ಬೇಗ ಹತ್ತಿ ಬೇಗ ಆರುತ್ತದೆ, ಕೆಂಡ ನಿಲ್ಲುವುದಿಲ್ಲ, ಕೆಂಡಕ್ಕೆ ಜಾಲಿ. ಮಕ್ಕಳು ದಪ್ಪ ಕಟ್ಟಿಗೆ ಮೊದಲೇ ಹೇರಿ ಉಸಿರು ಕಟ್ಟಿಸುತ್ತಾರೆ. ಕಣಗಿಲ ಕಡ್ಡಿಯನ್ನು ಒಲೆಗೂ ಹಾಕಬಾರದು, ಸುಡುವ ಸಲಾಕೆಯಾಗಿಯೂ ಬಳಸಬಾರದು, ಅದು ವಿಷ. ಆರಿಸಿದ ಮೇಲೆ ಕೆದಕಿ, ನೀರು ಹಾಕಿ, ಅಂಗೈ ಹಿಂಬದಿ ಹತ್ತಿರ ಹಿಡಿದು ಬಿಸಿ ಇಲ್ಲವೆಂದಾದರೆ ಮಾತ್ರ ಮುಗಿಯಿತು.

ಕಾಡಿನ ಸೊಪ್ಪು ಹಣ್ಣು ತಿಂದು ಬದುಕುವ ಸಾಹಸ ಬೇಡ. ಮದಗುಣಕಿ, ಗುಲಗಂಜಿ, ಔಡಲ ಬೀಜ ಮೂರನ್ನೂ ತೋರಿಸಿ, ಬಾಯಿಗೆ ಹಾಕುವಂತಿಲ್ಲ ಎಂದು ಹೇಳಿ. ಅಣಬೆಯಂತೂ ಮುಟ್ಟಲೇಬಾರದು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಬೆಲ್ಲ ಇದ್ದರೆ ನಾಲ್ಕು ದಿನ ಕೆಡುವುದಿಲ್ಲ, ಒಲೆಯೂ ಬೇಡ. ಚಿಪ್ಸ್ ಪಾಕೀಟು ಉಪ್ಪು ಹೆಚ್ಚಿಸಿ ನೀರು ಕುಡಿಸುತ್ತದೆ, ಹೊಟ್ಟೆ ತುಂಬಿಸುವುದಿಲ್ಲ.

ಹಂತ 5: ರಾತ್ರಿ

ಮನೆಯವರು ಇದಕ್ಕೇ ಹೆದರುತ್ತಾರೆ, ಮಕ್ಕಳು ಇದಕ್ಕೇ ಕಾಯುತ್ತಾರೆ. ಒಂಟಿಯಾಗಿ ಇಡೀ ರಾತ್ರಿ ಬಿಡುವ ಪದ್ಧತಿ ವಿದೇಶದ ಶಿಬಿರಗಳಲ್ಲಿದೆ, ನಮ್ಮಲ್ಲಿ ಬೇಡ. ಕಟ್ಟು ಹಾವು, ಕಾಡುಹಂದಿ ಇರುವ ಸೀಮೆ. ಅದರ ಬದಲು ಒಂಟಿ ಕೂರುವಿಕೆಯನ್ನು ಹಗಲಲ್ಲೇ ಮಾಡಿಸಿ: ಮೊದಲು ಇಪ್ಪತ್ತು ನಿಮಿಷ, ಆಮೇಲೆ ಎರಡು ಗಂಟೆ, ಕೊನೆಗೆ ಹೊತ್ತು ಮುಳುಗುವ ತನಕ. ಸೀಟಿ ಕೇಳುವಷ್ಟು ದೂರ, ಫೋನಿಲ್ಲ, ಪುಸ್ತಕವಿಲ್ಲ. ಮೊದಲ ಅರ್ಧ ಗಂಟೆ ಕಲ್ಲು ಎಸೆಯುತ್ತಾರೆ, ಹುಲ್ಲು ಕೀಳುತ್ತಾರೆ. ಆಮೇಲೆ ಸುಮ್ಮನಾಗುತ್ತಾರೆ.

ರಾತ್ರಿ ಎಲ್ಲರೂ ಒಂದೇ ಕಡೆ. ನೆಲಕ್ಕೆ ತಾಡಪತ್ರಿ, ಅದರ ಮೇಲೆ ಕೌದಿ, ಸುತ್ತ ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಮಡಚಿ ಸೇರಿಸಬೇಕು. ಕಟ್ಟು ಹಾವಿಗೆ ಅದೇ ಬೇಲಿ. ಬೀದರ್ ಸೀಮೆಯಲ್ಲಿ ಜನವರಿ ರಾತ್ರಿ ನೆಲದ ಚಳಿ ಬೆನ್ನಿನಿಂದ ಏರುತ್ತದೆ, ಹೊದಿಕೆಗಿಂತ ಹಾಸಿಗೆ ದಪ್ಪಗಿರಲಿ. ಇಬ್ಬಿಬ್ಬರಂತೆ ಎರಡೆರಡು ಗಂಟೆ ಪಹರೆ. ಪಹರೆಯವರ ಕೆಲಸ ತಲೆ ಎಣಿಸುವುದು, ಟಾರ್ಚ್ ಹಾಕಿ ಸುತ್ತ ನೋಡುವುದು, ಅನುಮಾನ ಬಂದರೆ ದೊಡ್ಡವರನ್ನು ಎಬ್ಬಿಸುವುದು. ಸುಳ್ಳು ಎಚ್ಚರಿಕೆಗೆ ಎಬ್ಬಿಸಿದವರನ್ನು ನಕ್ಕು ಹಂಗಿಸಿದರೆ, ನಿಜವಾದ ಹೊತ್ತಿಗೆ ಯಾರೂ ಎಬ್ಬಿಸುವುದಿಲ್ಲ.

ಹಂತ 6: ಹೊಣೆ ಹಸ್ತಾಂತರ

ಐದೂ ಹಂತ ದಾಟಿದವರಿಗೆ ಒಂದು ದಿನವನ್ನು ಪೂರ್ತಿ ಬಿಟ್ಟುಕೊಡಿ. ದಾರಿ, ನೀರಿನ ಲೆಕ್ಕ, ಊಟ, ಎಲ್ಲಿ ನಿಲ್ಲಬೇಕು, ಯಾವಾಗ ಹಿಂತಿರುಗಬೇಕು, ಎಲ್ಲ ಅವರದು. ದೊಡ್ಡವರು ಸಾಲಿನ ಕೊನೆಯಲ್ಲಿ ನಡೆಯಬೇಕು. ಜೀವಕ್ಕೆ ಸಂಚಕಾರ ತರುವ ನಾಲ್ಕು ವಿಷಯಕ್ಕೆ ಮಾತ್ರ ಬಾಯಿ ಬಿಡಿ: ಬಿಸಿಲಾಘಾತ, ಹಾವು, ನೀರು, ಬೆಂಕಿ. ಉಳಿದದ್ದು ಅವರ ಪಾಡು. ಅನ್ನ ಸೀದರೆ ರೊಟ್ಟಿ ತಿನ್ನಲಿ. ದಾರಿ ಒಂದು ಕಿಲೋಮೀಟರ್ ಹೆಚ್ಚಾದರೆ ನಡೆಯಲಿ. "ಸರ್, ಈಗ ಎಡಕ್ಕಾ ಬಲಕ್ಕಾ?" ಎಂದರೆ "ನಿನಗ ಏನ್ ಅನ್ನಸ್ತದ?" ಎಂದು ಕೇಳಿ ಸುಮ್ಮನಿರಿ. ಆ ಮೌನ ಹಿಡಿದಿಡುವುದು ಶಿಕ್ಷಕರಿಗೆ ಬಹಳ ಕಷ್ಟ, ಕೈಯಲ್ಲಿ ಏನಾದರೂ ಕೆಲಸ ಇಟ್ಟುಕೊಳ್ಳಿ.

ನಾಯಕನನ್ನು ಎರಡು ಗಂಟೆಗೊಮ್ಮೆ ಬದಲಿಸಿ. ಜೋರು ದನಿಯವನೇ ಇಡೀ ದಿನ ಆಳದಂತೆ ನೋಡಿಕೊಳ್ಳಿ. ತಂಡದಲ್ಲಿ ಸಾಮಾನ್ಯವಾಗಿ ನೀರಿನ ಲೆಕ್ಕ ಸರಿಯಾಗಿ ಇಡುವುದು ಹಿಂದೆ ನಡೆಯುವ ಮೌನಿ. ಸುಸ್ತಾದವರು ಯಾರೆಂದು ಮೊದಲು ಗಮನಿಸಿ ವೇಗ ಇಳಿಸಿದ ನಾಯಕಿಯನ್ನು ಸಂಜೆ ಎಲ್ಲರ ಮುಂದೆ ಹೆಸರು ಹಿಡಿದು ಹೇಳಿ, ಗುಡ್ಡ ಮೊದಲು ಹತ್ತಿದವನನ್ನಲ್ಲ.

ಹಿಂದಿನ ಹಂತಕ್ಕೆ ಕಳಿಸಬೇಕಾದವರ ಗುರುತು: ಬಾಯಾರಿಕೆ, ಗಾಯ ಮುಚ್ಚಿಡುವುದು, ಒಪ್ಪಿದ ಗಡಿ ದಾಟಿ ಫೋಟೊಗೆ ಹೋಗುವುದು, ಚಿಕ್ಕವರನ್ನು ಹೆದರಿಸಿ ಮಜಾ ತೆಗೆದುಕೊಳ್ಳುವುದು. ಇದನ್ನು ಶಿಕ್ಷೆಯಂತೆ ಹೇಳದೆ ಕಾರಣ ಸಮೇತ ಒಬ್ಬರೇ ಇದ್ದಾಗ ಹೇಳಿ. ನಡುವೆ ಮನೆಗೆ ಹೋಗುತ್ತೇನೆಂದು ಅತ್ತವರನ್ನು ತಡೆಯಬೇಡಿ, ಚೇಷ್ಟೆಗೂ ಬಿಡಬೇಡಿ. ಗಾಡಿ ಕಳಿಸಿ, ಮುಂದಿನ ಸಲದ ಪಟ್ಟಿಯಲ್ಲಿ ಹೆಸರು ಉಳಿಸಿ.

ಪೂರೈಸಿದವರಿಗೆ ಪ್ರಮಾಣಪತ್ರ ಕೊಡುವ ಬದಲು ಮುಂದಿನ ತಂಡದ ಔಷಧಿ ಪೆಟ್ಟಿಗೆಯ ಜವಾಬ್ದಾರಿ ಕೊಡಿ. ಅವಧಿ ಮೀರಿದ ಮಾತ್ರೆ ತೆಗೆಯುವುದು, ಓಆರ್‌ಎಸ್ ತುಂಬುವುದು, ಟಾರ್ಚಿನ ಸೆಲ್ ಬದಲಿಸುವುದು, ಹೊರಡುವ ಹಿಂದಿನ ಸಂಜೆ ಹೊಸಬರ ಬಾಟಲಿ, ಬೂಟು, ಸೀಟಿ ತಪಾಸಣೆ ಮಾಡುವುದು ಅವರ ಕೆಲಸ. ಚಪ್ಪಲಿಯಲ್ಲಿ ಬಂದವರನ್ನು ಹಿಂದಕ್ಕೆ ಕಳಿಸುವ ಅಧಿಕಾರವೂ ಅವರಿಗಿರಲಿ, ಬಂದವನು ನಿಮ್ಮ ಮಗನೇ ಆಗಿದ್ದರೂ.